ಒಂದು ಕಿಲೋ ಕಮ್ಮಿಗೆ ಒಂದು ಲಕ್ಷ

ನಮ್ಮ ಸೀಮೆಗೆ ರೊಕ್ಕ ಬರುವುದೆಲ್ಲ ವಜ್ಜಾದ ಮೇಲೆ. ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳಿಂದ ಹೊರಡುವ ಸಿಮೆಂಟು ಚೀಲಕ್ಕೆ 50 ಕಿಲೋ. ಶಹಾಬಾದದ ಫರಸಿ ಕಲ್ಲು ಹೇರಿದ ಲಾರಿಯನ್ನು ಕಾಟಾದ ಮೇಲೆ ನಿಲ್ಲಿಸುವುದೇ ಬೇಡ, ಟೈರು ನೋಡಿದರೆ ಸಾಕು. ಚಿತ್ತಾಪುರ, ಚಿಂಚೋಳಿ ಹೊಲಗಳ ತೊಗರಿ ಕ್ವಿಂಟಲ್ ಲೆಕ್ಕದಲ್ಲಿ ಹೋಗುತ್ತದೆ. ಮದುವೆ ಮಾತುಕತೆಯಲ್ಲಿ ಬಂಗಾರ ಎಷ್ಟು ತೊಲಿ ಎಂದು ಮೊದಲು ಕೇಳಿ, ಹುಡುಗಿ ಎಷ್ಟು ಓದಿದ್ದಾಳೆ ಎಂದು ಆಮೇಲೆ ಕೇಳುವ ಮಂದಿ ಇನ್ನೂ ಇದ್ದಾರೆ. ಇಂಥಲ್ಲಿ ಹುಟ್ಟಿ ಬೆಳೆದವನ ಮುಂದೆ ವಜ್ಜಾ ಕಮ್ಮಿಯಾದಷ್ಟೂ ಬೆಲೆ ಏರುವ ಒಂದು ಸಾಮಾನು ತಂದಿಟ್ಟು "ತಗೋತೀಯೋ ಇಲ್ಲೋ" ಎಂದು ಕೇಳಿದರೆ ಅವನಿಗೆ ನಿದ್ದೆಯಾದರೂ ಹೇಗೆ ಬರಬೇಕು?

ಸಾಮಾನು ಯಾವುದೆಂದರೆ, 2025ರ ಮಾರ್ಚ್ 12ರಂದು ಮಾರಾಟಕ್ಕೆ ಬಂದ ಎಂ4 ಚಿಪ್ಪಿನ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪು. 13 ಇಂಚಿನದು. ದಪ್ಪ 1.13 ಸೆಂಟಿಮೀಟರ್, ತೂಕ 1.24 ಕಿಲೋ, ಬಂದಾಗಿನ ಬೆಲೆ 99,900 ರೂಪಾಯಿ. ಹಿಂದಿನ ವರ್ಷದ್ದು 1,14,900ಕ್ಕೆ ಬಂದಿತ್ತು, ಈ ಸಲ 15,000 ಇಳಿಸಿದ್ದರು. ಲಕ್ಷಕ್ಕೆ ನೂರು ರೂಪಾಯಿ ಕಮ್ಮಿ ಇಟ್ಟು ಲಕ್ಷವೇ ಅಲ್ಲ ಎನಿಸುವ ಈ ಹಿಕಮತ್ತನ್ನು ಅವರು ಬಾಟಾ ಚಪ್ಪಲಿಯವರಿಂದ ಕಲಿತಿರಬೇಕು.

ನಾನು ಮಾಸ್ತರ. ಮನೆ ಸೇಡಂನಲ್ಲಿ, ಸಾಲಿ ಚಿತ್ತಾಪುರದ ಹತ್ತಿರ, ಅಪ್ಪ ಅವ್ವ ಶಹಾಬಾದದಲ್ಲಿ. ಹೈದರಾಬಾದಿನಿಂದ ವಾಡಿಗೆ 1874ರಲ್ಲಿ ನಿಜಾಮರ ಕಾಲಕ್ಕೆ ಬಿದ್ದ ದಾರಿಯ ಮೇಲೆಯೇ ನನ್ನ ಹೊಟ್ಟೆಪಾಡು ಓಡುತ್ತದೆ. ಸೇಡಂನಲ್ಲಿ ಹತ್ತಿದರೆ ಮಳಖೇಡ ರೋಡ್, ಚಿತ್ತಾಪುರ. ಅಪ್ಪನ ಕಡೆ ಹೋಗುವುದಿದ್ದರೆ ಇನ್ನೂ ಮುಂದೆ ವಾಡಿ, ಅಲ್ಲಿ ಗಾಡಿ ಬದಲಿಸಿ ಶಹಾಬಾದ. (ಮಳಖೇಡದ ಹೆಸರು ಬಂದ ಕೂಡಲೇ ಅಮೋಘವರ್ಷ, ಕವಿರಾಜಮಾರ್ಗ ಎಂದು ಒಂದು ಪುಟ ಬರೆಯುವುದು ನಮ್ಮ ಕಡೆಯ ಲೇಖಕರ ವಾಡಿಕೆ. ಗಾಡಿ ಅಲ್ಲಿ ನಿಲ್ಲುವುದೇ ಒಂದೆರಡು ನಿಮಿಷ, ನಾನೂ ಅಷ್ಟೇ ನಿಲ್ಲುತ್ತೇನೆ.) ಈ ಓಡಾಟದಲ್ಲೆಲ್ಲ ಎಡಹೆಗಲಿಗೆ ಒಂದು ಕರಿ ಬ್ಯಾಗು, ಅದರೊಳಗೆ ಹಳೆಯ ಅಗಲವಾದ ಲ್ಯಾಪ್‌ಟಾಪು, ಇಟ್ಟಿಗೆಯಷ್ಟು ದೊಡ್ಡ ಚಾರ್ಜರು, ಬುತ್ತಿ, ನೀರಿನ ಬಾಟಲಿ. ವರ್ಷಾನುಗಟ್ಟಲೆ ಹೀಗೆ ಹೊತ್ತು ಎಡಹೆಗಲು ಬಲಹೆಗಲಿಗಿಂತ ಇಳಿದಿದೆ ಎಂದು ಹೊಲಿಗೆಯವರು ಅಳತೆ ತಗೊಳ್ಳುವಾಗ ಹೇಳಿದರು. ಅಂಗಿಯನ್ನು ಆ ಲೆಕ್ಕಕ್ಕೇ ಹೊಲಿದುಕೊಟ್ಟರು. ಮಕ್ಕಳು ಬಹಳ ದೂರದಿಂದಲೇ "ಸರ್ ಬಂದ್ರು" ಎಂದು ಗುರುತು ಹಿಡಿಯುವುದು ನನ್ನ ನಡಿಗೆಯ ಓರೆಯಿಂದ.

ಒಂದು ದಿನ ಚಿತ್ತಾಪುರದಲ್ಲಿ, ನಾನು ಉದ್ರಿ ಇಟ್ಟಿರುವ ಕಿರಾಣಿ ಅಂಗಡಿಗೆ ಹೋಗಿ ಬ್ಯಾಗಿನಿಂದ ಲ್ಯಾಪ್‌ಟಾಪು ತೆಗೆದು ಕೌಂಟರಿನ ಮೇಲೆ ಇಟ್ಟೆ.

"ಏನ್ ಸರ್, ಉದ್ರಿ ಬಾಕಿಗಿ ಇದನ್ನ ಇಟ್ಟು ಹೋಗ್ತೀರೇನು?" ಎಂದರು ಸಾವಕಾರರು.

"ಇಲ್ರಿ ಸಾವಕಾರ್ರೆ, ವಜ್ಜಾ ನೋಡಬೇಕಾಗ್ಯಾದ."

ಕಾಟಾದ ತಟ್ಟೆಗೆ ಹತ್ತಿದ್ದ ಬೆಲ್ಲ ಒರೆಸಿ ಇಟ್ಟರು. ಕೆಂಪು ಅಂಕಿ ಎರಡು ಕಿಲೋ ಮುನ್ನೂರ ನಲವತ್ತು ಗ್ರಾಂ ತೋರಿಸಿತು. ಹೊಸದು ಒಂದು ಕಿಲೋ ಇನ್ನೂರ ನಲವತ್ತು, ಅಂದರೆ ಒಂದು ಕಿಲೋ ನೂರು ಗ್ರಾಂ ಕಮ್ಮಿ ಎಂದೆ.

"ರೇಟು?"

"ಒಂದ್ ಲಕ್ಷ ಅನ್ಕೋರಿ."

ಸಾವಕಾರರು ಕನ್ನಡಕ ತೆಗೆದು ಕೆಳಗಿಟ್ಟರು. "ನೋಡ್ರಿ ಸರ್, ನಾ ಒಂದ್ ಕಿಲೋ ಬ್ಯಾಳಿದಾಗ ಐವತ್ತು ಗ್ರಾಂ ಕಮ್ಮಿ ತೂಗಿದ್ರ ನನ್ ಮ್ಯಾಲ ಕೇಸ್ ಆಗ್ತದ. ಅವ್ರು ಕಿಲೋಗಟ್ಟಲೆ ಕಮ್ಮಿ ಕೊಟ್ರ ನೀವೇ ಮ್ಯಾಲ ರೊಕ್ಕ ಕೊಟ್ಟು ಬರ್ತೀರಿ. ಇದ್ಯಾ ನ್ಯಾಯಾರಿ?"

ನ್ಯಾಯ ಯಾವುದೆಂದು ನನಗೂ ಹೊಳೆಯಲಿಲ್ಲ. ಒಂದು ಕಿಲೋ ತೊಗರಿಬೇಳೆ ಕಟ್ಟಿಸಿಕೊಂಡು, ಅದನ್ನೂ ಅದೇ ಬ್ಯಾಗಿಗೆ ಹಾಕಿಕೊಂಡು ಹೊರಟೆ. ಸೇಡಂ ಸ್ಟೇಷನ್ನಿನಿಂದ ಮನೆ ಮುಟ್ಟುವಷ್ಟರಲ್ಲಿ ಒಂದು ಕಿಲೋ ಅಂದರೆ ಎಷ್ಟೆಂಬುದು ಹೆಗಲಿಗೆ ಚೆನ್ನಾಗಿ ತಿಳಿಯಿತು. ಅಂದರೆ ಹೊಸದನ್ನು ಕೊಂಡರೆ ದಿನಾ ಇಷ್ಟು ಬೇಳೆ ಇಳಿಸಿಟ್ಟಂತಾಗುತ್ತದೆ ಎಂದು ಅಂದಾಜಾಯಿತು. ಸಾವಕಾರರ ಅಂಗಡಿಯಲ್ಲಿ ಕೊಳ್ಳುವವನಿಗಿಂತ ಮಾರುವವನ ಲೆಕ್ಕವೇ ಮೇಲು, ಆದರೆ ಅವರು ಹೊತ್ತು ತಿರುಗುವುದಿಲ್ಲ.

ತೊಗರಿಯ ಲೆಕ್ಕವನ್ನೂ ಮಾಡಿ ಮುಗಿಸುತ್ತೇನೆ, ಇಲ್ಲದಿದ್ದರೆ ನಮ್ಮ ಕಡೆ ಯಾವ ಖರೀದಿಯ ತೀರ್ಮಾನವೂ ಪೂರ್ತಿಯಾಗುವುದಿಲ್ಲ. 2024–25ರ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ. 99,900ಕ್ಕೆ 13 ಕ್ವಿಂಟಲ್ 23 ಕಿಲೋ ಆಗುತ್ತದೆ. ಮಳೆ ನಂಬಿದ ಹೊಲದಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ಬಂದರೆ ಮೂರು ಎಕರೆಯ ಮೇಲೆ ಬೇಕು, ಅದೂ ಗೊಡ್ಡು ರೋಗ ಬೀಳದಿದ್ದರೆ. 1.24 ಕಿಲೋ ತೂಗುವ ಯಂತ್ರಕ್ಕೆ ಅದರ ಸಾವಿರ ಪಟ್ಟು ತೂಕದ ತೊಗರಿ! ನಮ್ಮ ಕಡೆ ಸ್ವಾಮಿಗಳ ತುಲಾಭಾರದಲ್ಲೂ ಇನ್ನೊಂದು ತಟ್ಟೆಗೆ ಇಷ್ಟು ಏರಿಸಿದ್ದನ್ನು ನಾನು ಕಂಡಿಲ್ಲ.

ಈ ತೆಳುವಿನ ಹುಚ್ಚು ಹೊಸದಲ್ಲ. 2008ರ ಜನವರಿ 15ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆ ಕಂಪನಿಯ ಅಂದಿನ ಮುಖ್ಯಸ್ಥ ಸ್ಟೀವ್ ಜಾಬ್ಸ್ ಕಚೇರಿಯ ಖಾಕಿ ಲಕೋಟೆಯೊಂದನ್ನು ಎತ್ತಿ ಹಿಡಿದು, ಅದರೊಳಗಿನಿಂದ ಮೊದಲ ಮ್ಯಾಕ್‌ಬುಕ್ ಏರ್ ಹೊರತೆಗೆದರು. ಸಭೆ ಚಪ್ಪಾಳೆ ತಟ್ಟಿತು. ಅಂಥ ಲಕೋಟೆಯಿಂದ ನನ್ನ ಕಣ್ಣೆದುರು ಹೊರಬಂದದ್ದು ವರ್ಗಾವಣೆ ಆದೇಶ, ಚುನಾವಣೆ ಡ್ಯೂಟಿ, ಕಾರಣ ಕೇಳಿದ ನೋಟಿಸು. ಚಪ್ಪಾಳೆ ಯಾರೂ ತಟ್ಟಲಿಲ್ಲ. ಆ ಮೊದಲ ಏರ್‌ನ ತೂಕ 1.36 ಕಿಲೋ. 2025ರದು 1.24. ಹದಿನೇಳು ವರ್ಷಕ್ಕೆ ಇಳಿದದ್ದು 120 ಗ್ರಾಂ, ಅರ್ಧ ಪಾವಿಗೂ ಕಮ್ಮಿ. ಒಳಗಿನ ಮೆಮೊರಿ ಮಾತ್ರ 2 ಜಿಬಿ ಇದ್ದದ್ದು 16 ಆಗಿದೆ ಎನ್ನುವುದನ್ನೂ ಹೇಳಬೇಕು. ಆ 2008ರಲ್ಲೇ ನ್ಯೂಸ್‌ವೀಕ್ ಪತ್ರಿಕೆಯ ಸ್ಟೀವನ್ ಲೆವಿ ಎಂಬ ಹೆಸರಾಂತ ಲೇಖಕರು, ಪರೀಕ್ಷಿಸಿ ಬರೆಯಲೆಂದು ತಂದಿಟ್ಟುಕೊಂಡಿದ್ದ ಏರ್ ಮನೆಯಲ್ಲೇ ಕಾಣೆಯಾಯಿತು. ಹಳೆಯ ಪೇಪರುಗಳ ನಡುವೆ ಸೇರಿ ಕಸಕ್ಕೆ ಹೋಗಿರಬೇಕೆಂದು ಅವರೇ ಬರೆದುಕೊಂಡರು.

ಇದನ್ನು ನಮ್ಮ ಮನೆಯವಳಿಗೆ ಓದಿ ಹೇಳಿದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ತಿಳಿಯದು. "ಅಮೇರಿಕಾದಾಗ ಕಸಕ್ಕ ಹೋಗ್ಯಾದ. ಇಲ್ಲಿ ರದ್ದಿ ಪೇಪರಿನವ ಅದನ್ನೂ ತೂಗಿ ರೊಕ್ಕ ಕೊಟ್ಟೇ ಒಯ್ತಾನ ಬಿಡ್ರಿ" ಎಂದಳು. ಒಂದು ಲಕ್ಷದ್ದು ಕಿಲೋ ದರದಲ್ಲಿ ಹೋಗುವುದನ್ನು ನೆನೆದು ನನಗೆ ಬೆವರು ಬಂತು. ಆಗ ಏಪ್ರಿಲ್ ಹತ್ತಿರ ಬಂದಿತ್ತು, ಬೆವರಿಗೆ ಬೇರೆ ಕಾರಣವೂ ಇದ್ದಿರಬಹುದು.

ಏಪ್ರಿಲ್ ಮಾತು ಬಂತು. ಈ ಖರೀದಿಯ ನಿಜವಾದ ತೊಡಕು ಬೆಲೆಯಲ್ಲ, ಬಿಸಿಲು. ಆ ಯಂತ್ರದ ವಿವರದ ಪಟ್ಟಿಯಲ್ಲಿ, ಯಾರೂ ಓದದ ಕೊನೆಯ ಸಾಲುಗಳಲ್ಲಿ, ಅದು ಕೆಲಸ ಮಾಡಬೇಕಾದ ಹೊರಗಿನ ಉಷ್ಣತೆ 10ರಿಂದ 35 ಡಿಗ್ರಿ ಸೆಲ್ಸಿಯಸ್ ಎಂದು ಬರೆದಿದೆ. ಕಲಬುರಗಿ ಜಿಲ್ಲೆಯಲ್ಲಿ 35 ಅಂದರೆ ತಂಪು ದಿನ. ಏಪ್ರಿಲ್, ಮೇದಲ್ಲಿ 42–43 ಮುಟ್ಟುವುದು ವರ್ಷದ ಪದ್ಧತಿ. ಈ ಎರಡು ತಿಂಗಳು ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಮುಂಜಾನೆ 8ರಿಂದ ಮಧ್ಯಾಹ್ನ 1.30ರ ತನಕ ಮಾತ್ರ ನಡೆಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಈ ಯಂತ್ರಕ್ಕೆ ಅಷ್ಟು ಹೊತ್ತೂ ಹೆಚ್ಚು, ಅದು ಹತ್ತೂವರೆಗೇ ಅರ್ಜಿ ಬರೆದಿಟ್ಟು ಮನೆಗೆ ಹೋಗಬೇಕು.

ಮೇಲಾಗಿ ಅದರಲ್ಲಿ ಫ್ಯಾನಿಲ್ಲ. ಇಷ್ಟು ತೆಳ್ಳಗೆ ಮಾಡಬೇಕೆಂದರೆ ಫ್ಯಾನಿಗೆ ಜಾಗವೆಲ್ಲಿ? 2020ರ ಎಂ1 ಏರ್‌ನಿಂದಲೇ ಅದನ್ನು ತೆಗೆದುಬಿಟ್ಟಿದ್ದಾರೆ. ಹಾಗಾದರೆ ಬಿಸಿಯಾದಾಗ ಏನು ಮಾಡುತ್ತದೆ ಎಂದು ಕಲಬುರಗಿಯ ಅಂಗಡಿಯಲ್ಲಿ, ಏಸಿ ಕೆಳಗೆ ನಿಂತು ಮಾರುವ ಹುಡುಗನನ್ನು ಕೇಳಿದೆ. "ತಾನೇ ಸ್ಲೋ ಆಗ್ತದ ಸರ್, ತಂಪಾದ್ಮ್ಯಾಲ ಮತ್ತ ಸ್ಪೀಡ್ ಹಿಡೀತದ" ಎಂದ. ಇದನ್ನು ಕೇಳಿದ ಮೇಲೆ ಆ ಯಂತ್ರದ ಮೇಲೆ ಒಂಥರಾ ಅಕ್ಕರೆ ಹುಟ್ಟಿತು. ಮೇ ತಿಂಗಳ ಮಧ್ಯಾಹ್ನ ನಮ್ಮ ಮಂದಿಯೂ ಮಾಡುವುದು ಇದನ್ನೇ. ಬೇವಿನ ಗಿಡದ ಬುಡದಲ್ಲಿ ಹೊರಸು ಹಾಕಿ ಅಡ್ಡಾಗುತ್ತಾರೆ, ಹೊತ್ತು ಇಳಿದ ಮೇಲೆ ಏಳುತ್ತಾರೆ. ಅದಕ್ಕೆ ಯಾರೂ ಒಂದು ಲಕ್ಷ ಕೊಡುವುದಿಲ್ಲ.

ಫ್ಯಾನಿಲ್ಲದ್ದಕ್ಕೆ ಇನ್ನೊಂದು ಮಗ್ಗುಲೂ ಇದೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಫ್ಯಾನಿದೆ, ಮತ್ತು ಅದು ಗಾಳಿಯ ಜೊತೆಗೆ ಈ ಸೀಮೆಯ ಧೂಳನ್ನೆಲ್ಲ ಒಳಗೆಳೆದುಕೊಂಡಿದೆ. ವಾಡಿಯಲ್ಲಿ ಗಾಡಿ ಕಾಯಲು ಕೂರುವ ಬೆಂಚನ್ನು ಮೊದಲು ಕರ್ಚೀಫಿನಿಂದ ಒರೆಸುವುದು ನಮಗೆ ಕಲಿಸಬೇಕಾದ ವಿದ್ಯೆಯಲ್ಲ. ಒಮ್ಮೆ ಆ ಲ್ಯಾಪ್‌ಟಾಪು ಪೂರ್ತಿ ನಿಂತಾಗ ರಿಪೇರಿಯವನು ಸ್ಕ್ರೂ ಬಿಚ್ಚಿ ಒಳಗೆ ನೋಡಿ, "ಸರ್, ಇದರಾಗ ಅರ್ಧ ಸಿಮೆಂಟೇ ಅದ. ಸೊಲ್ಪ ನೀರ್ ಹಾಕಿದ್ರ ಸೆಟ್ ಆಗಿಬಿಡ್ತದ" ಎಂದ. ಫ್ಯಾನಿಲ್ಲದ ಯಂತ್ರಕ್ಕೆ ಉಸಿರೇ ಇಲ್ಲ, ಆದ್ದರಿಂದ ಧೂಳು ನುಂಗುವ ಭಯವೂ ಕಮ್ಮಿ. ಆದರೆ ತೆಳುವಿನ ಆಸೆಗೆ ಬಿದ್ದು ಇದೇ ಕಂಪನಿ 2015ರಲ್ಲಿ ಚಿಟ್ಟೆರೆಕ್ಕೆ ಮಾದರಿಯ ಒಂದು ಕೀಲಿಮಣೆ ತಂದಿತ್ತು. ಗುಂಡಿ ಒತ್ತಿದರೆ ಒತ್ತಿದ ಹಾಗೇ ಆಗದಷ್ಟು ತೆಳು. ಅದರ ಸಂದಿಯಲ್ಲಿ ಒಂದು ಕಣ ಸೇರಿದರೂ ಅಕ್ಷರ ಮೂಡದೆ ಇರುವುದು, ಇಲ್ಲವೇ ಎರಡೆರಡು ಸಲ ಮೂಡುವುದು ನಡೆದು, 2018ರಲ್ಲಿ ಪುಕ್ಕಟೆ ರಿಪೇರಿ ಘೋಷಿಸಬೇಕಾಯಿತು. 2019ರ ಕೊನೆಯಿಂದ ಹಳೆಯ ಮಾದರಿಗೇ ಮರಳಲಾರಂಭಿಸಿದರು. 2022ರಲ್ಲಿ ಅಮೇರಿಕದ ಗ್ರಾಹಕರ ದಾವೆಯನ್ನು 5 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡರು. ವಾಡಿ ಜಂಕ್ಷನ್ನಿನ ಬೆಂಚಿನ ಮೇಲೆ ಒಂದು ತಾಸು ಇಟ್ಟು ನೋಡಿದ್ದರೆ ಅಷ್ಟು ರೊಕ್ಕ ಉಳಿಯುತ್ತಿತ್ತು.

ಚಿಂಚೋಳಿ ಮಾತ್ರ ಈ ವ್ಯವಹಾರದಲ್ಲಿ ಖರೀದಿಯ ಪರ ನಿಂತಿದೆ. ಮೊದಲು ನಾನು ಆ ತಾಲ್ಲೂಕಿನ ಕುಂಚಾವರಂ ಕಡೆ ಕೆಲಸ ಮಾಡಿದವನು. ಅಲ್ಲಿಗೆ ರೈಲಿಲ್ಲ. ಬಸ್ಸು ಇಳಿದರೆ ಕಾಡು, ತಾಂಡಾಗಳು, ಅರ್ಧ ತೆಲುಗು ಅರ್ಧ ಕನ್ನಡದ ಮಾತು, ಚಂದ್ರಂಪಳ್ಳಿ ಕೆರೆಯ ಮೇಲಿಂದ ಬರುವ ಗಾಳಿ. ನಮ್ಮ ಬಿಸಿಲು ಸೀಮೆಯಲ್ಲಿ ಇಂಥದೊಂದು ವನ್ಯಧಾಮ ಇದೆಯೆಂದರೆ ಬೆಂಗಳೂರಿನವರು ಇವತ್ತಿಗೂ ನಂಬುವುದಿಲ್ಲ. ಕರೆಂಟು ಮಾತ್ರ ಅತಿಥಿಯಂತೆ ಬಂದು ಹೋಗುತ್ತಿತ್ತು. ಬಾಡಿಗೆ ಖೋಲಿಯಲ್ಲಿ ಪ್ರಶ್ನೆಪತ್ರಿಕೆ ಟೈಪು ಮಾಡುತ್ತ ಬ್ಯಾಟರಿ ಸತ್ತು, ಉಳಿದ ಪ್ರಶ್ನೆಗಳನ್ನು ಕಂದೀಲಿನ ಬೆಳಕಿನಲ್ಲಿ ಕೈಯಲ್ಲಿ ಬರೆದ ರಾತ್ರಿಗಳಿವೆ. ಹೊಸ ಯಂತ್ರದ ಬ್ಯಾಟರಿ 18 ತಾಸು ಬರುತ್ತದೆ ಎಂದು ಕಂಪನಿ ಹೇಳುತ್ತದೆ. ಕಂಪನಿಯ ಮಾತನ್ನು ಅರ್ಧಕ್ಕೆ ಇಳಿಸಿ ಹಿಡಿದರೂ ಒಂಬತ್ತು ತಾಸು. ಆ ಖೋಲಿಯಲ್ಲಿ ಅದಿದ್ದಿದ್ದರೆ, ಎಂದು ಈಗ ಅನಿಸುತ್ತದೆ. ಬೇಕಾದ ಸಾಮಾನು ಬೇಕಾದ ವಯಸ್ಸಿನಲ್ಲಿ ಮಾರುಕಟ್ಟೆಗೆ ಬರುವುದಿಲ್ಲ, ಬಂದಾಗ ನಮಗೆ ಕರೆಂಟಿರುವ ಊರಿಗೆ ವರ್ಗವಾಗಿರುತ್ತದೆ.

ಇನ್ನು ಸಣ್ಣಪುಟ್ಟವು. ಪೆನ್‌ಡ್ರೈವ್ ನೇರ ಸಿಗಿಸಲು ಅದರಲ್ಲಿ ತೂತಿಲ್ಲ, ಬೇರೆ ಡಾಂಗಲ್ ಕೊಳ್ಳಬೇಕು. ಝೆರಾಕ್ಸ್ ಅಂಗಡಿಯಿಂದ ಹಿಡಿದು ಕಚೇರಿಯ ತನಕ ನಮ್ಮ ತಾಲ್ಲೂಕುಗಳ ಆಡಳಿತವೆಲ್ಲ ಪೆನ್‌ಡ್ರೈವ್ ಮೇಲೆ ನಡೆದಿದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ವಿಂಡೋಸಿಗೆಂದು ಮಾಡಿದ್ದು. ಮ್ಯಾಕ್‌ನಲ್ಲಿ ಯೂನಿಕೋಡ್ ಕನ್ನಡ ಚೆನ್ನಾಗಿಯೇ ಇದೆ, ಹಳೆಯ ಫೈಲುಗಳ ಕತೆ ಬೇರೆ. ನಾನು ಯಾವುದೋ ಕಾಲದಲ್ಲಿ ಯಾವುದೋ ಫಾಂಟಿನಲ್ಲಿ ಟೈಪಿಸಿಟ್ಟ ಲೇಖನಗಳು ಈಗ ತೆರೆದರೆ ಡಾಲರ್ ಗುರುತು, ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ. ಅಕ್ಷರ ಉಳಿಯುವ ಮಾತಿಗೆ ಬಂದರೆ, ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ, ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಯಾರೋ ಪುಣ್ಯಾತ್ಮರು ಅದರ ನಡುವೆ ತೂತು ಕೊರೆದಿದ್ದರು. ಆದರೂ ಉಳಿದ ಅಕ್ಷರಗಳನ್ನು ವಿದ್ವಾಂಸರು ಓದಿದರು. ಎರಡು ಸಾವಿರ ವರ್ಷ ದಾಟಿದ ಫೈಲು ತೆರೆಯುತ್ತದೆ, ನನ್ನದು ತೆರೆಯುವುದಿಲ್ಲ. ಅಶೋಕನ ಪ್ರತಿಯನ್ನು ಹೆಗಲಿಗೆ ಹಾಕಿಕೊಂಡು ಪ್ಯಾಸೆಂಜರ್ ಗಾಡಿ ಹತ್ತಲು ಬರುವುದಿಲ್ಲ ಎಂಬುದೂ ಖರೆ.

ಹೀಗೆ ಎತ್ತಿಟ್ಟು ಇಳಿಸಿಟ್ಟು ಲೆಕ್ಕ ಹಾಕುತ್ತಿರುವಾಗಲೇ ಯುಗಾದಿ ಬಂದಿತ್ತು. ಶಹಾಬಾದಕ್ಕೆ ಹೋಗಿದ್ದೆ. ಅಕ್ಕನ ಮಗ ಹೈದರಾಬಾದಿನಿಂದ ಬಂದಿದ್ದ, ಅವನ ಕೈಯಲ್ಲಿ ಅದೇ ಹೊಸ ಏರ್. "ಮಾಮಾ, ಇನ್ನಾ ವಿಚಾರ ಮಾಡಲತ್ತಿಯೇನು? ಅದು ಬಂದ ದಿನಾನೇ ನಾ ತಗೊಂಡೆ" ಎಂದ.

ಅಪ್ಪ ಪಡಸಾಲೆಯ ಫರಸಿ ಮೇಲೆ ಗೋಡೆಗೆ ಆತು ಕುಳಿತಿದ್ದ. ಅಪ್ಪ ಇದೇ ಊರಿನ ಎವಿಬಿ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದವನು. ಬಾಯ್ಲರು, ಸಿಮೆಂಟ್ ಕಾರ್ಖಾನೆಯ ಯಂತ್ರ ತಯಾರಿಸುವ ಜಾಗ ಅದು. ಆಮೇಲೆ ಎಬಿಎಲ್ ಎಂದಾಯಿತು, ಇನ್ನೂ ಆಮೇಲೆ ಆಲ್ಸ್ಟಾಮ್. ಬೋರ್ಡು ಬದಲಾದರೂ ಮಂದಿ ಇವತ್ತಿಗೂ ತಮಗೆ ಗೊತ್ತಿದ್ದ ಹೆಸರನ್ನೇ ಹೇಳುತ್ತಾರೆ. ಕ್ರೇನಿಲ್ಲದೆ ಅಲುಗದ ಸಾಮಾನುಗಳ ನಡುವೆ ಬದುಕು ಕಳೆದ ಅಪ್ಪನಿಗೆ ಕೊಳ್ಳುವುದಕ್ಕೆ ಒಂದೇ ಪರೀಕ್ಷೆ: ಎತ್ತಿ ನೋಡುವುದು. ಟೇಬಲ್ ಫ್ಯಾನು, ಮಿಕ್ಸರು, ಅಕ್ಕನ ಮದುವೆಯ ಕೊಡ, ನನ್ನ ಮೊದಲ ಸೈಕಲ್ಲು, ಎಲ್ಲವನ್ನೂ ಅಂಗಡಿಯಲ್ಲಿ ಒಂದು ಸಲ ಎತ್ತಿ, "ವಜ್ಜಾ ಅದ, ಚಲೋ ಅದ" ಎಂದ ಮೇಲೆಯೇ ರೊಕ್ಕ ಎಣಿಸುತ್ತಿದ್ದ. ಹಗುರ ಇದ್ದದ್ದನ್ನು "ಪತ್ರಾ ಅದ" ಎಂದು ಒಂದೇ ಮಾತಿನಲ್ಲಿ ಕೆಳಗಿಡುತ್ತಿದ್ದ. ನಾನು ಹಳೆಯ ಲ್ಯಾಪ್‌ಟಾಪು ಕೊಳ್ಳುವಾಗಲೂ ಅಪ್ಪನೇ ಜೊತೆಗೆ ಬಂದು, ಇದ್ದುದರಲ್ಲಿ ಭಾರವಾದದ್ದನ್ನೇ ಆರಿಸಿಕೊಟ್ಟಿದ್ದ.

ಅಳಿಯ ಯಂತ್ರವನ್ನು ಮುತ್ಯಾನ ಕೈಗೆ ಕೊಟ್ಟ. ಅಪ್ಪ ಮೊದಲು ಮಡಚಿದ ಬೆರಳಿನ ಗೆಣ್ಣಿನಿಂದ ಅದನ್ನು ತಟ್ಟಿ ಕಿವಿಗೊಟ್ಟ. ಖಣಿಯಿಂದ ಬಂದ ಫರಸಿಯಲ್ಲಿ ಬಿರುಕಿದೆಯೇ ಎಂದು ಶಹಾಬಾದದವರು ನೋಡುವುದು ಹಾಗೆ.

"ವಜ್ಜಾನೇ ಇಲ್ಲಲ್ಲೋ ತಮ್ಮಾ. ಒಳಗ ಏನರ ಅದನೋ ಇಲ್ಲೋ?"

"ಎಲ್ಲಾ ಅದರಾಗೇ ಅದ ಮುತ್ಯಾ."

ಅಪ್ಪ ಅದನ್ನು ಕೆಳಗಿಡುತ್ತಾನೆ, "ಪತ್ರಾ" ಎನ್ನುತ್ತಾನೆ ಎಂದು ನಾನು ಕಾದೆ. ಇಡಲಿಲ್ಲ. ಒಂದೇ ಅಂಗೈ ಮೇಲೆ ಇಟ್ಟುಕೊಂಡು ಮೇಲೆ ಕೆಳಗೆ ಆಡಿಸಿದ. ಆ ಕೈಗೆ ಈಗ ನಡುಕವಿದೆ. ದಿನಾ ನೀರು ಕುಡಿಯುತ್ತಿದ್ದ ಹಿತ್ತಾಳೆ ತಂಬಿಗೆ ಎತ್ತಲಾಗದೆ ಈ ಬೇಸಿಗೆಯಿಂದ ಅವ್ವ ಸಣ್ಣ ಸ್ಟೀಲ್ ಗ್ಲಾಸಿನಲ್ಲಿ ಅರ್ಧರ್ಧ ಕೊಡುತ್ತಾಳೆ. ಆ ತಂಬಿಗೆಯನ್ನೂ ಅಪ್ಪನೇ ಎತ್ತಿ ನೋಡಿ ತಂದದ್ದು.

"ತಗೋ ಬಿಡು," ಎಂದ ನನ್ನ ಕಡೆ ನೋಡಿ. "ಇದು ನಂಗೂ ಎತ್ತಲಾಕ ಬರ್ತದ."

ತೀರ್ಮಾನ ಅಲ್ಲಿಗೆ ಮುಗಿಯಿತು. ಉಳಿದದ್ದು ವ್ಯವಹಾರ. ತಗೊಳ್ಳುತ್ತೇನೆ, ಆದರೆ ಮಿರಗ ಕೂಡಿ ಒಂದೆರಡು ಮಳೆ ಬಿದ್ದು ಪಾರಾ 35ಕ್ಕೆ ಇಳಿದ ಮೇಲೆ. ಬಣ್ಣ ಬೆಳ್ಳಿಯದು. ಆಕಾಶನೀಲಿಯೂ ಕಪ್ಪಿನಂಥದೂ ಇವೆ, ಕಪ್ಪಿನ ಮೇಲೆ ವಾಡಿಯ ಧೂಳು ಎದ್ದು ಕಾಣುತ್ತದೆ. ಹಳೆಯದು ಸೇಡಂ ಮನೆಯ ಟೇಬಲಿನ ಮೇಲೆ ನುಡಿಗೂ ಹಳೆಯ ಫೈಲುಗಳಿಗೂ ಇರುತ್ತದೆ. ಓದುಗರಲ್ಲಿ ಯಾರಾದರೂ ಇದೇ ವಿಚಾರದಲ್ಲಿದ್ದರೆ ಹೇಳುವುದಿಷ್ಟು: ನಿಮ್ಮ ಲ್ಯಾಪ್‌ಟಾಪು ಟೇಬಲ್ ಬಿಟ್ಟು ಏಳುವುದಿಲ್ಲ ಎಂದಾದರೆ ತೆಳುವಿಗೆ ರೊಕ್ಕ ಹಾಕಬೇಡಿ, ಟೇಬಲಿಗೆ ಹೆಗಲು ನೋಯುವುದಿಲ್ಲ. ದಿನಾ ಗಾಡಿ ಹತ್ತಿ ಇಳಿಯುವವರಾದರೆ ತಗೊಳ್ಳಿ. ಡಾಂಗಲ್ ಮರೆಯಬೇಡಿ, ಮತ್ತು ಮನೆಗೆ ತಂದ ದಿನವೇ ರದ್ದಿ ಪೇಪರಿನ ಗಂಟನ್ನು ಬೇರೆ ಖೋಲಿಗೆ ಸರಿಸಿಬಿಡಿ.